ಸಿಡಿಯದೆ ಉಳಿದ ಮದ್ದು ಎಲ್ಲಿಗೆ ಹೋಯಿತು? ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಚಿಕ್ಕಬಳ್ಳಾಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸಾರ್.

2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಕ್ವಾರಿಯಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳು ಸಿಡಿದು 6 ಜನ ಸತ್ತರು. ಆ ರಾತ್ರಿಯನ್ನು ಈ ಸೀಮೆಯವರು ಯಾರೂ ಮರೆತಿಲ್ಲ. ಆದರೆ ಸಿಡಿಯದೆ ಕಲ್ಲುಸಂದಿಯಲ್ಲಿ ಉಳಿಯುವ ಮದ್ದೂ ಇದೆ. ನಾನು ಬರೆಯುತ್ತಿರುವುದು ಅದರ ಬಗ್ಗೆ.

ನಾನು ಕ್ವಾರಿ ಪಕ್ಕದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮಲ್ಲಿ ಕೆಲಸ ನಿಂತ ಕ್ವಾರಿಯ ಗುಂಡಿಯೊಂದರಲ್ಲಿ ಮಳೆನೀರು ಪಾಚಿಗಟ್ಟಿ ನಿಂತಿದೆ. ದಡದಲ್ಲಿ ಬ್ಲಾಸ್ಟಿಂಗ್ ವೈರಿನ ತುಂಡುಗಳು, ಹರಿದ ಪ್ಲಾಸ್ಟಿಕ್ ಕೊಳವೆಗಳು. ಮೇಕೆಗಳು ಅಲ್ಲೇ ಕುಡಿಯುತ್ತವೆ. ಗುಂಡಿಯ ಕೆಳಗಿನ ಹೊಲಗಳಲ್ಲಿ ಮೂರು ಬೋರ್‌ವೆಲ್‌ಗಳಿವೆ. ನೀರು ಪರೀಕ್ಷಿಸಿ ಎಂದು ಕಚೇರಿಯೊಂದಕ್ಕೆ ಎರಡು ಸಲ ಅರ್ಜಿ ಕೊಟ್ಟೆ. ಸ್ವೀಕೃತಿ ಸಿಕ್ಕಿತು, ಉತ್ತರ ಸಿಗಲಿಲ್ಲ.

ಈಗ ಜನ ಜಿಲೆಟಿನ್ ಎನ್ನುವ ಕಡ್ಡಿಯಲ್ಲಿ ಬಹುಪಾಲು ಇರುವುದು ಅಮೋನಿಯಂ ನೈಟ್ರೇಟ್. ಅದು ಉಪ್ಪಿಗಿಂತ ಬೇಗ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ದಾಟಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. ಯೂರಿಯಾ, ಕೊಟ್ಟಿಗೆ ಗೊಬ್ಬರ, ಪಾಯಿಖಾನೆ ಗುಂಡಿಗಳಿಂದಲೂ ನೈಟ್ರೇಟ್ ಬರುತ್ತದೆ, ಒಪ್ಪುತ್ತೇನೆ. ಯಾವುದು ಎಷ್ಟು ಎಂದು ತಿಳಿಯುವುದಕ್ಕೇ ಪರೀಕ್ಷೆ ಬೇಕು.

ಇದಕ್ಕೆ ಪರಿಹಾರವಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ನೀರನ್ನು ವಿದ್ಯುತ್ತಿನಿಂದ ಶುದ್ಧ ಮಾಡಬಹುದು. ತರಗತಿಯಲ್ಲಿ ಎರಡು ಪೆನ್ಸಿಲ್ ಕಡ್ಡಿಗಳನ್ನು ಉಪ್ಪುನೀರಿನಲ್ಲಿಟ್ಟು 9 ವೋಲ್ಟಿನ ಬ್ಯಾಟರಿ ಜೋಡಿಸಿದೆ. ಒಂದು ಕಡ್ಡಿಯ ಸುತ್ತ ಗುಳ್ಳೆ ಎದ್ದು, ಈಜುಕೊಳದ ವಾಸನೆ ಬಂತು. ಆ ನೀರಿಗೆ ಹಾಕಿದ ಒಂದು ಹನಿ ಶಾಯಿ ಮಕ್ಕಳ ಕಣ್ಣೆದುರೇ ಬಣ್ಣ ಕಳೆದುಕೊಂಡಿತು. ನೀರು ಶುದ್ಧ ಮಾಡುವ ದೊಡ್ಡ ಘಟಕದಲ್ಲಿ ನಡೆಯುವುದೂ ಇಂಥದ್ದೇ. ವಿಶೇಷ ಲೇಪನದ ಧನ ವಿದ್ಯುದ್ವಾರದಲ್ಲಿ, ಅಂದರೆ ಪ್ಲಸ್ ತುದಿಗೆ ಜೋಡಿಸಿದ ಕಡ್ಡಿಯಲ್ಲಿ, ನೀರಿನ ಉಪ್ಪಿನಿಂದ ಕ್ಲೋರಿನ್ ಹುಟ್ಟಿ, ಅಮೋನಿಯಂ ನೈಟ್ರೇಟಿನಿಂದ ನೀರಿಗೆ ಸೇರಿದ ಅಮೋನಿಯಾವನ್ನು ನಿರುಪದ್ರವಿ ಸಾರಜನಕವಾಗಿ ಗಾಳಿಗೆ ಬಿಡುತ್ತದೆ. ನೈಟ್ರೇಟ್ ಮಾತ್ರ ಇದಕ್ಕೆ ಜಗ್ಗುವುದಿಲ್ಲ, ಅದು ಆಗಲೇ ಆಮ್ಲಜನಕದೊಡನೆ ಪೂರ್ತಿ ಕೂಡಿಬಿಟ್ಟಿರುತ್ತದೆ. ಅದನ್ನು ಎದುರಿನ ಋಣ (ಮೈನಸ್) ವಿದ್ಯುದ್ವಾರದಲ್ಲಿ ಅಮೋನಿಯಾಕ್ಕೆ ಇಳಿಸಿ, ಮತ್ತೆ ಧನ ವಿದ್ಯುದ್ವಾರಕ್ಕೆ ಒಪ್ಪಿಸಬೇಕು. ಟಿಎನ್‌ಟಿ ಎಂಬ ಸ್ಫೋಟಕದಂಥ ಗಟ್ಟಿ ಅಣುಗಳನ್ನು ಒಡೆಯಲು ಬೋರಾನ್ ಬೆರೆಸಿದ ವಜ್ರದ ವಿದ್ಯುದ್ವಾರಗಳೂ ಇವೆ. ಮದ್ದು ಸೇರಿದ ಮಣ್ಣಾದರೆ ಮೊದಲು ತೊಳೆದು, ತೊಳೆದ ನೀರಿಗೆ ಇದೇ ಚಿಕಿತ್ಸೆ.

ಕರೆಂಟಿನ ಖರ್ಚು ಇದೆ. ವಿದ್ಯುತ್ತನ್ನು ಲೆಕ್ಕ ತಪ್ಪಿ ಹರಿಸಿದರೆ ಕ್ಲೋರೇಟ್, ಪರ್‌ಕ್ಲೋರೇಟ್ ಎಂಬ ಹೊಸ ವಿಷಗಳು ಹುಟ್ಟುತ್ತವೆ. ಹಾಗಾಗಿ ಇದು ಟೆಂಡರ್ ಕರೆದು ಊರೂರಿಗೆ ಹಂಚುವ ಯಂತ್ರವಲ್ಲ. ತಿಳಿದವರ ಕೈಯಲ್ಲಿ, ಒಂದೇ ಗುಂಡಿಯಲ್ಲಿ ಪ್ರಯೋಗವಾಗಿ ಶುರುವಾಗಲಿ.

ಹಣಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯಿದೆ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದೇ ಇರುವ ಹಣ ಅದು, ಕುಡಿಯುವ ನೀರು ಅದರ ಮೊದಲ ಆದ್ಯತೆಗಳಲ್ಲಿ ಒಂದು. ಜಿಲ್ಲೆಯ ಎಲ್ಲ ಕ್ವಾರಿ ಗುಂಡಿಗಳ, ಅವುಗಳ ಕೆಳಗಿನ ಬೋರ್‌ವೆಲ್‌ಗಳ ನೀರಿನಲ್ಲಿ ನೈಟ್ರೇಟ್, ಅಮೋನಿಯಾ ಎಷ್ಟಿದೆ ಎಂದು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಪಂಚಾಯಿತಿ ಬೋರ್ಡಿಗೆ ಕನ್ನಡದಲ್ಲಿ ಅಂಟಿಸಿ. ಮಾದರಿ ತೆಗೆಯಲು ಬರುವವರಿಗೆ ಗುಂಡಿಗೆ ಇಳಿಯುವ ದಾರಿ ತೋರಿಸಲು ನಾನೇ ಬರುತ್ತೇನೆ.

ಇಂತಿ,
ಕ್ವಾರಿ ಪಕ್ಕದ ಊರಿನ ಒಬ್ಬ ಮೇಷ್ಟ್ರು