ಕೆರೆ ಕೆಳಗಿನ ಜಮೀನು, ನಿನ್ನ ಮನೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನಪ್ಪನ ಮಂಡಿನೋವು ಪರವಾಗಿಲ್ಲ, ಹೊಲಕ್ಕೆ ಹೋಗಿ ಬರುತ್ತಿದ್ದಾನೆ.

ಮೊನ್ನೆ ಫೋನಿನಲ್ಲಿ ನೀನು ಸ್ವಲ್ಪ ಬಿಸಿಯಾದೆ. "ನೀವು ಜಮೀನು ಹಿಡ್ಕೊಂಡು ಕೂತರೆ ನಮ್ಮಂಥೋರು ಎಲ್ಲಿ ಮನೆ ಮಾಡ್ಕೋಬೇಕು" ಅಂದೆ. ನನಗೇನೂ ಬೇಜಾರಿಲ್ಲ. ಸಂಬಳ ಬಂದ ವಾರಕ್ಕೇ ಬಾಡಿಗೆ ಎಣಿಸುವವನು ಹಾಗೆ ಕೇಳುವುದು ನ್ಯಾಯವೇ. ಆದರೆ ಫೋನಿನಲ್ಲಿ ನಿನಗೆ ಪುರುಸೊತ್ತಿಲ್ಲ, ನನಗೆ ಕಿವಿ ಸರಿಯಿಲ್ಲ. ಅದಕ್ಕೇ ಕಾಗದ.

ನಮ್ಮ ಪಕ್ಕದ ಲೇಔಟನ್ನು ನೀನು ಕಾರಿನಿಂದ ನೋಡಿದ್ದೀಯ ಅಷ್ಟೇ. ಒಂದ್ಸಲ ಒಳಗೆ ನಡೆದು ನೋಡು. ದೊಡ್ಡ ಕಮಾನು, ಬಣ್ಣ ಬಳಿದ ಕಲ್ಲು, ಕಲ್ಲಿನ ಮೇಲೆ ನಂಬರು. ಸೈಟುಗಳೆಲ್ಲ ಮಾರಿ ಎಷ್ಟೋ ವರ್ಷವಾಯಿತು, ಎದ್ದ ಮನೆ ಒಂದೋ ಎರಡೋ. ಉಳಿದ ಕಡೆ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿದೆ. ಕೊಂಡವರು ಚಿನ್ನ ತಗೊಂಡ ಹಾಗೆ ತಗೊಂಡು ಇಟ್ಟಿದ್ದಾರೆ, ರೇಟು ಏರಲಿ ಅಂತ. ಅವರನ್ನು ಬೈದು ಏನು ಪ್ರಯೋಜನ? ಆದರೆ ಅವರೆ, ಜೋಳ, ಹುಚ್ಚೆಳ್ಳು ಅಕ್ಕಡಿ ಸಾಲಿಟ್ಟು ರಾಗಿ ಬೆಳೆಯುತ್ತಿದ್ದ ಮಣ್ಣು ಹೋಯಿತು, ಮನೆಯೂ ಬರಲಿಲ್ಲ. ಜೊತೆಗೆ ಕೆರೆಗೆ ನೀರು ತರುವ ಕಾಲುವೆಗೆ ಅಡ್ಡ ಮಣ್ಣು ಸುರಿದು ರಸ್ತೆ ಮಾಡಿದರು. ಈಗ ಜೋರು ಮಳೆ ಬಂದರೆ ಆ ನೀರೆಲ್ಲ ನಮ್ಮ ಕೆಳಗಿನ ಹೊಲಕ್ಕೇ ನುಗ್ಗುತ್ತೆ. ಹೋದ ವರ್ಷ ತೆನೆ ಬಂದ ರಾಗಿ ನಿಂತಲ್ಲೇ ಕೊಳೆಯಿತು.

ಅದಕ್ಕೇ ಹೇಳೋದು, ನಮ್ಮ ಜಮೀನು ಸೈಟಾದರೆ ನಿನ್ನಂಥವನಿಗೆ ಮನೆ ಆಯ್ತು ಅಂತ ಲೆಕ್ಕ ಹಾಕಬೇಡ. ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿಯೊಂದು 2012ರಲ್ಲಿ ದೇಶದ ಪಟ್ಟಣಗಳಲ್ಲಿ ಸುಮಾರು 1.88 ಕೋಟಿ ಮನೆ ಕಡಿಮೆ ಇದೆ ಅಂತ ಅಂದಾಜು ಮಾಡಿತ್ತು. ಅದರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಕೊರತೆ ಬಡವರದು, ಕಡಿಮೆ ಆದಾಯದವರದು. ತಮಾಷೆ ನೋಡು, 2011ರ ಜನಗಣತಿಯಲ್ಲಿ ಪಟ್ಟಣಗಳಲ್ಲೇ 1.1 ಕೋಟಿ ಮನೆ ಖಾಲಿ ಬಿದ್ದಿದ್ದವು! ಲೆಕ್ಕ ಹಳೆಯದು, ನಿಜ. ಆದರೆ ಲೇಔಟಿನಲ್ಲಿ ಸೈಟು ಕೊಳ್ಳುವವನು ಆ 95ರಲ್ಲಿ ಇಲ್ಲ ಅನ್ನುವುದು ಆಗಲೂ ನಿಜ, ಈಗಲೂ ನಿಜ.

ಇನ್ನೊಂದು ಲೆಕ್ಕ ನೀನೇ ಹಾಕು. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕಿಗೆ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದರೆ 30-40ರ ಸೈಟು ಇಪ್ಪತ್ತಾಗುತ್ತೆ. ಇಪ್ಪತ್ತು ಮನೆಗೆ ಒಂದು ಎಕರೆ ಹೊಲ. ಬಸ್ಸು, ಮೆಟ್ರೋ, ಚರಂಡಿ ಎಲ್ಲ ಇರುವ ಕಡೆ ನಾಲ್ಕು ಮಹಡಿ ಕಟ್ಟಿದರೆ ಅಷ್ಟೇ ಜಾಗದಲ್ಲಿ ಎಷ್ಟು ಸಂಸಾರ ಇರಬಹುದು? ಊರು ಬೆಳೆಯಬಾರದು ಅಂತ ನಾನು ಹೇಳುತ್ತಿಲ್ಲ. ಊರೊಳಗೆ ಜಾಗ ಖಾಲಿ ಇಟ್ಟುಕೊಂಡು ಹೊರಗಿನ ಹೊಲಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ.

2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿ ಜಮೀನು ಕೊಳ್ಳೋಕೆ ರೈತನೇ ಆಗಿರಬೇಕು ಅಂತೇನಿಲ್ಲ. ಅಂದಿನಿಂದ ನಮ್ಮೂರಿಗೆ ಬರುವ ಬ್ರೋಕರ್‌ಗಳಿಗೆ ಬರವಿಲ್ಲ. ಒಬ್ಬ ಅಂತೂ ನಿಮ್ಮಜ್ಜಿ ತಿಥಿ ದಿನವೇ ಬಂದಿದ್ದ, ಊಟ ಮಾಡಿಕೊಂಡೇ ಹೋದ.

ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಥೆ ನಿನಗೆ ಗೊತ್ತು. ಹದಿಮೂರು ಹಳ್ಳಿ, 1,777 ಎಕರೆ, ಕೈಗಾರಿಕೆಗೆ ಅಂತ ಸ್ವಾಧೀನಕ್ಕೆ ಹೊರಟಿದ್ದರು. ಜನ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟೆವು ಅಂತು, ಇಷ್ಟಪಟ್ಟು ಕೊಡುವವರ ಜಮೀನು ತಗೋತೀವಿ ಅಂತಲೂ ಅಂತು. ಕೊಡುತ್ತೇವೆ ಅನ್ನುವ ರೈತರೂ ಅಲ್ಲಿದ್ದರು. ಅವರನ್ನು ದ್ರೋಹಿಗಳು ಅನ್ನೋಕೆ ನನಗೆ ಬಾಯಿ ಬರಲ್ಲ. ಬೋರು ಬತ್ತಿ, ಸಾಲ ಏರಿ, ಮಕ್ಕಳು ಪಟ್ಟಣ ಸೇರಿದ ಮೇಲೆ ಮನುಷ್ಯ ಏನು ಮಾಡಬೇಕು?

ಹಾಗಾಗಿ ಜಮೀನು ಕೊಡೋದಾ ಬೇಡವಾ ಅಂತ ಕೇಳುವ ಮೊದಲು ಯಾವ ಜಮೀನು ಅಂತ ಕೇಳು. ರಸ್ತೆ ಪಕ್ಕದ ಮೇಲಿನ ತುಂಡು ಬರೀ ಗರಸು, ಹುರುಳಿ ಬಿಟ್ಟರೆ ಬೇರೇನೂ ನೆಟ್ಟಗೆ ಬಂದಿಲ್ಲ. ಮನೆ ಕಟ್ಟೋಕೆ ಅದು ಸರಿ, ಆ ಮಾತಿಗೆ ನಾನು ತಯಾರು. ಕೆರೆ ಕೆಳಗಿನದು ಹಾಗಲ್ಲ. ಗುದ್ದಲಿ ಹಾಕಿದರೆ ಕಪ್ಪು ಮಣ್ಣು ಉಂಡೆ ಕಟ್ಟುತ್ತೆ, ಮಳೆ ಕೈಕೊಟ್ಟ ವರ್ಷವೂ ರಾಗಿ ಕೊಟ್ಟಿದೆ, ಹಿಪ್ಪುನೇರಳೆ ಹಾಕಿದಾಗ ನಿನ್ನ ಕಾಲೇಜು ಫೀಜು ಕಟ್ಟಿದೆ. ಅಲ್ಲಿ ಒಮ್ಮೆ ಜಲ್ಲಿ, ಡಾಂಬರು ಬಿದ್ದರೆ ಮುಗೀತು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕ (ಜಿಐ) ಪಟ್ಟ ಸಿಕ್ಕಿದೆ ಅಂತ ಹೆಮ್ಮೆ ಪಡುತ್ತೇವಲ್ಲ, ಈಗ ಆ ಮರ ತೋರಿಸು ಅಂದರೆ ಹುಡುಕಿಕೊಂಡು ಹೋಗಬೇಕು.

ಮೇಲಿನ ತುಂಡನ್ನು ಕೊಡುವುದಾದರೂ ಪೂರ್ತಿ ಮಾರಬೇಡ. ಅಹಮದಾಬಾದಿನಲ್ಲಿ ನಗರ ಯೋಜನೆ ಮಾಡುವಾಗ ಅಕ್ಕಪಕ್ಕದವರ ಜಮೀನೆಲ್ಲ ಒಟ್ಟು ಮಾಡುತ್ತಾರೆ. ರಸ್ತೆ, ಪಾರ್ಕು, ಶಾಲೆಗೆ ಜಾಗ ತೆಗೆದು, ಉಳಿದದ್ದನ್ನು ನೇರ ಮಾಡಿ ಮಾಲೀಕರಿಗೇ ಕೊಡುತ್ತಾರೆ. ಬಡವರ ಮನೆಗೆ ನೂರಕ್ಕೆ 10ರವರೆಗೆ ಜಾಗ ಇಡಲು 1976ರ ಅವರ ಕಾಯ್ದೆಯಲ್ಲೇ ಅವಕಾಶ ಇದೆ. ನಮ್ಮಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರ (ಬಿಡಿಎ) 60:40 ಸ್ವಲ್ಪ ಅದೇ ಜಾತಿ, ಅಭಿವೃದ್ಧಿಯಾದ ಜಾಗದಲ್ಲಿ 40 ಪಾಲು ರೈತನಿಗೆ. ರೈತನಿಗೂ ಪಾಲು ಉಳಿಯುವ ದಾರಿ ಇದ್ದರೆ ಮಾತಾಡೋಣ. ದುಡ್ಡು ಎಣಿಸಿಕೊಂಡು ಎದ್ದು ಬರುವ ವ್ಯವಹಾರ ಮಾತ್ರ ಬೇಡ.

ಜಿಪಿಎಗೆ, ಅಂದರೆ ನಮ್ಮ ಪರವಾಗಿ ಜಮೀನಿನ ವ್ಯವಹಾರ ಮಾಡೋಕೆ ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರಕ್ಕೆ, ಯಾರು ಕೇಳಿದರೂ ಸಹಿ ಹಾಕಬೇಡ. ನಿಮ್ಮ ಸೋದರತ್ತೆಗೂ ಸಮಪಾಲು ಇದೆ, ಅವಳನ್ನು ಬಿಟ್ಟು ಮಾತುಕತೆ ಬೇಡವೇ ಬೇಡ. ನೀನು ನೋಡಿದ್ದೀನಿ ಅಂದ ರೆವಿನ್ಯೂ ಸೈಟಿಗೆ, ಅಂದರೆ ಹೊಲ ತುಂಡು ಮಾಡಿ ಮಾರುವ ಸೈಟಿಗೆ, ಭೂಪರಿವರ್ತನೆ ಆದೇಶ ಇದೆಯಾ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11ಎ ಇದೆಯಾ ಕೇಳು. "ಆಮೇಲೆ ಮಾಡಿಸಿಕೊಡ್ತೀವಿ ಸಾರ್" ಅಂದರೆ ಅಡ್ವಾನ್ಸ್ ಕೊಡಬೇಡ. ಅದಕ್ಕಿಂತ ಮೆಟ್ರೋ ಹತ್ತಿರ ಹಳೇ ಫ್ಲಾಟು ಒಂದು ನೋಡು. ಚಿಕ್ಕದಾದರೂ ಸಾಲ ಸಿಗುತ್ತೆ, ದಿನಾ ರಸ್ತೆಯಲ್ಲಿ ಕಳೆಯುವ ಹೊತ್ತೂ ಉಳಿಯುತ್ತೆ. ಮುಂಗಡಕ್ಕೆ ನಾನೂ ನಿನ್ನಪ್ಪನೂ ಸ್ವಲ್ಪ ಹೊಂದಿಸುತ್ತೇವೆ, ಮಾತಾಡಿಕೊಂಡಿದ್ದೇವೆ.

ಭಾನುವಾರ ಬಾ. ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ ಎಲ್ಲ ತೆಗೆಸಿಟ್ಟಿದ್ದೇನೆ. ನಿಮ್ಮತ್ತೆಗೂ ಹೇಳಿ ಕಳಿಸಿದ್ದೇನೆ. ಬರುವಾಗ ನಿನ್ನ ಸಂಬಳದ ಚೀಟಿ ತಂದರೆ ನಮ್ಮ ಬ್ಯಾಂಕಿನವರ ಹತ್ತಿರ ಸಾಲದ ವಿಷಯ ಕೇಳಬಹುದು, ಸೋಮವಾರ ಒಂದು ದಿನ ರಜೆ ಹಾಕು.

ಇಂತಿ,
ನಿನ್ನ ದೊಡ್ಡಪ್ಪ