ಸುಟ್ಟ ಮನೆ ಸ್ವಚ್ಛತೆ: ಭಾನುವಾರ ಬರುವವರ ಗಮನಕ್ಕೆ

ಎಲ್ಲರಿಗೂ ಶರಣು. ಹಿಂದಿನ ಓಣಿಯ ಸುಟ್ಟ ಮನೆ ಸ್ವಚ್ಛ ಮಾಡಲು ಭಾನುವಾರ ಮುಂಜಾನೆ 7ಕ್ಕೆ ಕೂಡೋಣ. ನಮ್ಮ ರಾಯಚೂರಿನ ಬಿಸಿಲು ಗೊತ್ತೇ ಇದೆ, 11ಕ್ಕೆ ನಿಲ್ಲಿಸೋಣ. ಮಕ್ಕಳು, ದಮ್ಮು ಇರುವವರು ದಯವಿಟ್ಟು ಬೇಡ.

ಎಲ್ಲಕ್ಕಿಂತ ದೊಡ್ಡ ಭಯ ಮಣ್ಣಿನ ಮಾಳಿಗೆಯದು (ಚಾವಣಿ). ಬೆಂಕಿ ಆರಿಸಿದ ನೀರನ್ನೆಲ್ಲ ಮೇಲಿನ ಮಣ್ಣು ಕುಡಿದು ಭಾರವಾಗಿದೆ, ಕೆಳಗಿನ ಜಂತಿಗಳು ಸುಟ್ಟು ಸವೆದಿವೆ. ಒಳಗೆ ಎಷ್ಟು ಗಟ್ಟಿ ಉಳಿದಿದೆ ಎಂದು ಬರೇ ಕಣ್ಣಿಗೆ ತಿಳಿಯುವುದಿಲ್ಲ. ಗೌಂಡಿ ನೋಡಿ ಆಸರೆ ಕಂಬ ಕೊಡುವ ತನಕ ಯಾರೂ ಒಳಗೆ ಹೋಗಬೇಡಿ, ಮೇಲೆ ಹತ್ತಲೂ ಬೇಡಿ.

ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು, ಕರೆಂಟ್ ಕಂಪನಿ ಜೆಸ್ಕಾಂನವರು ಕಂಬದಲ್ಲೇ ಲೈನ್ ತೆಗೆದಿರಬೇಕು (ಅವರ ಫೋನ್ 1912). ಸಿಲಿಂಡರ್ ಮುಟ್ಟಬೇಡಿ. ಗ್ಯಾಸ್ ವಾಸನೆ ಬಂದರೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಒಣ ಬೂದಿ ಗುಡಿಸಬೇಡಿ, ಎದೆಗೆ ಹೋಗುತ್ತದೆ. ನೀರು ಚಿಮುಕಿಸಿ ಸಲಿಕೆಯಿಂದ ಚೀಲಕ್ಕೆ ತುಂಬಿ. ಟವೆಲ್ ಕಟ್ಟಿದರೆ ಸಣ್ಣ ಬೂದಿ ತಡೆಯದು, ಎನ್95 ಮಾಸ್ಕೇ ಬೇಕು. ದಪ್ಪ ಅಟ್ಟೆಯ ಬೂಟು, ಕೈಗವಸು, ತುಂಬುತೋಳಿನ ಅಂಗಿ. ಹಳೆಯ ಸಿಮೆಂಟ್ ಶೀಟ್ ಒಡೆಯಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಎದೆಗೆ ಕೆಡುಕು ಮಾಡುವ ಸಣ್ಣ ನಾರು) ಇರುತ್ತದೆ. ಹೊಗೆ ಹತ್ತಿದ ಜೋಳ, ಎಣ್ಣೆ, ಗುಳಿಗೆ ಯಾವುದೂ ಬಳಸುವಂತಿಲ್ಲ. ಆ ಜೋಳ ದನಕ್ಕೂ ಹಾಕಬೇಡಿ.

ಫೋಟೊ, ಪಂಚನಾಮೆ ಆಗುವ ಮುಂಚೆ ಒಂದು ಕಡ್ಡಿಯನ್ನೂ ಸಾಗಿಸಬೇಡಿ, ಆ ಮನೆಯವರ ಪರಿಹಾರಕ್ಕೆ ಅದೇ ಆಧಾರ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಸಲಿಕೆ, ಬುಟ್ಟಿ ಇದ್ದವರು ಎಷ್ಟಿವೆ ಎಂದೂ ಬರೆಯಿರಿ.