ಆರ್ಮ್ ಕಂಪನಿಯಿಂದ ಪತ್ರ ತರಲು ನನ್ನಿಂದ ಆಗುವುದಿಲ್ಲ, ಸಚಿವರೇ

ರಾಜ್ಯದ ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪತ್ರಗಳನ್ನು ಕೊನೆಯವರೆಗೆ ಓದುವ ಪುರುಸೊತ್ತು ಯಾರಿಗಿರುತ್ತದೆ? ಸರ್ಕಾರಿ ಟೆಂಡರ್‌ನಲ್ಲಿ ಎಲೆಕ್ಟ್ರಾನಿಕ್ ಉಪಕರಣ ಕೇಳುವಾಗ ಒಳಗಿನ ಪ್ರೊಸೆಸರ್ (ಉಪಕರಣದ ಮಿದುಳಿನಂಥ ಚಿಪ್) ಯಾವ ಕುಲದ್ದು, ಆರ್ಮೋ ರಿಸ್ಕ್-ಫೈವೋ, ಎಂದು ಬರೆಯಬಾರದು. ಉಪಕರಣ ಏನು ಕೆಲಸ ಮಾಡಬೇಕು ಎಂದು ಬರೆದರೆ ಸಾಕು. ಇದಕ್ಕೊಂದು ಸುತ್ತೋಲೆ ಬೇಕು. ಒಂದೇ ಪುಟದ್ದು.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಶೆಡ್ ಇಟ್ಟುಕೊಂಡವನು. ಕುಡಿಯುವ ನೀರಿನ ಪಂಪುಗಳಿಗೆ ಕಂಟ್ರೋಲರ್ ಮಾಡುತ್ತೇನೆ. ಟ್ಯಾಂಕ್ ತುಂಬಿದರೆ ಮೋಟಾರ್ ನಿಲ್ಲಬೇಕು. ಬೋರ್‌ವೆಲ್‌ನಲ್ಲಿ ನೀರು ಇಳಿದರೆ ನಿಲ್ಲಬೇಕು. ಮೂರರಲ್ಲಿ ಒಂದು ಫೇಸ್ ಹೋದರೆ ಸುಡುವ ಮೊದಲು ನಿಲ್ಲಬೇಕು. ನೀರುಗಂಟಿಯ ಮೊಬೈಲಿಗೆ ಮೆಸೇಜ್ ಹೋಗಬೇಕು. ಇಷ್ಟೇ ಕೆಲಸ. ರಾಕೆಟ್ ಹಾರಿಸುವುದಲ್ಲ.

ಕೊರೊನಾ ಬೆನ್ನಲ್ಲೇ ಚಿಪ್‌ಗಳ ಬರ ಬಂತಲ್ಲ, 2021ರಲ್ಲಿ, ಆಗ ನಾನು ಬಳಸುತ್ತಿದ್ದ ಆರ್ಮ್ ಮೈಕ್ರೋಕಂಟ್ರೋಲರ್ (ಸಣ್ಣ ಉಪಕರಣ ನಡೆಸುವ ಪ್ರೊಸೆಸರ್ ಚಿಪ್) ಸಿಗುವುದೇ ನಿಂತುಹೋಯಿತು. ಡಿಸ್ಟ್ರಿಬ್ಯೂಟರ್ ಒಂದು ವರ್ಷ ಕಾಯಿರಿ ಎಂದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವಕ್ಕೆ ಹತ್ತು ಪಟ್ಟು ರೇಟು. ಅವುಗಳಲ್ಲೂ ಕೆಲವು ಹಳೇ ಬೋರ್ಡಿನಿಂದ ಕಿತ್ತು, ಮೇಲ್ಮೈ ಉಜ್ಜಿ, ಹೊಸದಾಗಿ ಹೆಸರು ಬರೆದವು. ಹುಡುಗರಿಗೆ ಸಂಬಳ ಕೊಡಲು ಮನೆಯ ಒಡವೆ ಬ್ಯಾಂಕಿಗೆ ಹೋಯಿತು. ಕೆಲವರು ಸಂಬಳಕ್ಕೆ ಕಾಯದೆ ಫುಡ್ ಡೆಲಿವರಿಗೆ ಹೋದರು. ಅವರನ್ನು ತಪ್ಪು ಅನ್ನಲಾರೆ. ಬೆಸುಗೆ ಹಾಕುವ ಒಳ್ಳೆಯ ಕೈಗಳು ಅವು, ಮತ್ತೆ ಸಿಗಲಿಲ್ಲ.

ಆಗ ನಾನು ರಿಸ್ಕ್-ಫೈವ್ ಕಡೆಗೆ ತಿರುಗಿದೆ. ನಿಮಗೆ ಗೊತ್ತಿದ್ದೇ ಇರುತ್ತದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಯಾವ ಪ್ರೊಸೆಸರ್ ಆದರೂ ಅದಕ್ಕೆ ಅರ್ಥವಾಗುವ ಆದೇಶಗಳ ಪಟ್ಟಿ ಒಂದಿರುತ್ತದೆ. ಆರ್ಮ್ ಎಂಬ ಪಟ್ಟಿ ಒಂದು ಕಂಪನಿಯ ಸ್ವತ್ತು. ಚಿಪ್ ಮಾಡುವವರು ಅದಕ್ಕೆ ಲೈಸೆನ್ಸ್ ಹಣ ಕಟ್ಟಬೇಕು, ಮಾರಿದ ಚಿಪ್ ಮೇಲೆ ರಾಯಲ್ಟಿ ಕೊಡಬೇಕು. ಆ ಕಂಪನಿ 2022ರಲ್ಲಿ ತನ್ನ ದೊಡ್ಡ ಗಿರಾಕಿ ಕ್ವಾಲ್ಕಾಮ್ ಮೇಲೆಯೇ ಕೇಸು ಹಾಕಿತು. ರಿಸ್ಕ್-ಫೈವ್ ಹಾಗಲ್ಲ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಪಟ್ಟಿಯನ್ನು ಯಾರು ಬೇಕಾದರೂ ಬಳಸಬಹುದು, ಅದಕ್ಕೆ ರಾಯಲ್ಟಿ ಇಲ್ಲ. ಈಗ ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾದ ಒಂದು ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಎಂ8 ಅಳತೆಯ ಬೋಲ್ಟನ್ನು ರಾಜಕೋಟ್‌ನವರು ಮಾಡಲಿ, ಲೂಧಿಯಾನದವರು ಮಾಡಲಿ, ಎಂ8 ನಟ್ಟಿಗೆ ಕೂರುತ್ತದೆ. ಅಳತೆ ಯಾರೊಬ್ಬರ ಆಸ್ತಿಯೂ ಅಲ್ಲ. ಇದೂ ಹಾಗೆಯೇ.

ಸಿ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಮಿನಲ್ಲಿ ಮೋಟಾರಿನ ಲಾಜಿಕ್ ಹಾಗೇ ಉಳಿಯಿತು. ಟೈಮರ್‌ನಂಥ, ಚಿಪ್‌ನ ಒಳಭಾಗಗಳಿಗೆ ಸಂಬಂಧಿಸಿದ್ದನ್ನು ಮಾತ್ರ ಹೊಸದಾಗಿ ಬರೆದೆ. ಬಾಕ್ಸ್ ಕೆಲಸ ಮಾಡಿತು. ಖಾಸಗಿ ತೋಟಗಳಲ್ಲಿ ಮಳೆ, ಸಿಡಿಲು, ಹಲ್ಲಿ, ಇರುವೆ ಎಲ್ಲವನ್ನೂ ಕಂಡು ಇವತ್ತಿಗೂ ಓಡುತ್ತಿದೆ.

ಇನ್ನು ಟೆಂಡರ್ ಕಥೆ. ಇಲಾಖೆಯ ಹೆಸರು ಹೇಳುವುದಿಲ್ಲ, ನಾಳೆ ಅವರ ಬಾಗಿಲಿಗೇ ಹೋಗಬೇಕು. ನೂರಾರು ಪಂಪ್ ಕಂಟ್ರೋಲರ್ ಬೇಕು ಎಂದು ಟೆಂಡರ್ ಕರೆದಿದ್ದರು. ಸ್ಪೆಸಿಫಿಕೇಶನ್‌ನಲ್ಲಿ ಒಂದು ಸಾಲು: 'ಆರ್ಮ್ ಕಾರ್ಟೆಕ್ಸ್-ಎಂ4 ಅಥವಾ ಅದಕ್ಕಿಂತ ಮೇಲಿನದು'. ಪ್ರಿ-ಬಿಡ್ ಮೀಟಿಂಗ್‌ನಲ್ಲಿ ಕೈ ಎತ್ತಿ, 'ಅಥವಾ ತತ್ಸಮಾನ' ಎಂದು ಸೇರಿಸಿ ಸಾರ್ ಎಂದು ಕೇಳಿಕೊಂಡೆ. ಬರೆದುಕೊಂಡರು. ಬರೆದುಕೊಂಡದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ, ಆ ಸಾಲು ಹಾಗೇ ಉಳಿಯಿತು.

ಆದರೂ ಇಎಂಡಿ (ಟೆಂಡರ್ ಠೇವಣಿ) ಕಟ್ಟಿ ಬಿಡ್ ಹಾಕಿದೆ. ಟೆಕ್ನಿಕಲ್ ಬಿಡ್‌ನಲ್ಲೇ ಹೊರಗೆ ಹಾಕಿದರು. ಕೇಳಲು ಹೋದಾಗ ಅಲ್ಲಿದ್ದ ಎಂಜಿನಿಯರ್ ಸಾಹೇಬರು ಬಹಳ ಸಮಾಧಾನದಿಂದಲೇ ಹೇಳಿದರು: "ನಿಮ್ಮದು ಆರ್ಮ್‌ಗೆ ಸಮ ಅಂತ ಆರ್ಮ್ ಕಂಪನಿಯಿಂದಲೇ ಒಂದು ಲೆಟರ್ ತಂದುಬಿಡಿ, ಮುಂದಿನ ಸಲ ನೋಡೋಣ."

ನಾನು ಆರ್ಮ್‌ನ ಕೇಂದ್ರ ಕಚೇರಿ ಇರುವ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಪತ್ರ ಬರೆಯಬೇಕು. ನಿಮ್ಮ ಎದುರಾಳಿಯ ಸಾಮಾನು ನಿಮ್ಮದರಷ್ಟೇ ಚೆನ್ನಾಗಿದೆ ಎಂದು ದಯವಿಟ್ಟು ಲೆಟರ್‌ಹೆಡ್ ಮೇಲೆ ಬರೆದುಕೊಡಿ, ಸೀಲು ಮರೆಯಬೇಡಿ ಎಂದು. ಅವರು ಕೊಡುತ್ತಾರಾ ಸಾರ್?

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಪಕ್ಕದ ತಾಲ್ಲೂಕಿನ ಒಬ್ಬ ನೀರುಗಂಟಿ ಕೆಟ್ಟುಹೋದ ಕಂಟ್ರೋಲರ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಶೆಡ್ಡಿಗೆ ಬಂದರು. ಅದೇ ಟೆಂಡರಿನಲ್ಲಿ ಎಲ್-1 ಆಗಿ, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿ, ಗೆದ್ದವರ ಬಾಕ್ಸ್. ಅವರು ಫೋನ್ ಎತ್ತುತ್ತಿಲ್ಲವಂತೆ. ಊರಿನ ಟ್ಯಾಂಕ್ ಖಾಲಿ, ಜನ ಬೈಯುತ್ತಿರುವುದು ಇವರನ್ನು. ಮುಚ್ಚಳದ ಮೇಲೆ 'ಆರ್ಮ್ ಕಾರ್ಟೆಕ್ಸ್' ಎಂದು ಚಂದದ ಸ್ಟಿಕ್ಕರ್. ತೆಗೆದು ನೋಡಿದರೆ ಒಳಗೆ ಕೂತಿರುವುದು ಇಎಸ್‌ಪಿ32-ಸಿ3!

ಅದು ಶುದ್ಧ ರಿಸ್ಕ್-ಫೈವ್ ಚಿಪ್, ಸಚಿವರೇ. ಒಳ್ಳೆಯ ಚಿಪ್ಪೇ, ನಾನೂ ಬಳಸುತ್ತೇನೆ. ಕೆಟ್ಟಿದ್ದು ಅದಲ್ಲ, ಪಕ್ಕದ ರಿಲೇ. ರಿಲೇ ಬದಲಿಸಿ ಕಳಿಸಿಕೊಟ್ಟೆ, ದುಡ್ಡು ಇಸಿದುಕೊಳ್ಳಲಿಲ್ಲ. ಅಂದರೆ ಕಾಗದದಲ್ಲಿ ರಿಸ್ಕ್-ಫೈವ್ ಎಂದು ನಿಜ ಬರೆದವನು ಅನರ್ಹ. ಅದೇ ಜಾತಿಯ ಚಿಪ್ ಹಾಕಿ ಸ್ಟಿಕ್ಕರ್ ಅಂಟಿಸಿದವನು ಅರ್ಹ. ಬಾಕ್ಸ್ ಪಾಸು ಮಾಡಿದವರು ಯಾರೂ ಸ್ಕ್ರೂ ಬಿಚ್ಚಿ ನೋಡಲಿಲ್ಲ. ಫೋಟೋ ಸಮೇತ ದೂರು ಕೊಟ್ಟೆ. ಹಿಂಬರಹ ಬಂತು: 'ಸದರಿ ಟೆಂಡರ್ ಪ್ರಕ್ರಿಯೆ ಪೂರ್ಣಗೊಂಡಿರುವುದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ.'

ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಎನ್ನುವ ಕೆಟಿಪಿಪಿ ಕಾಯ್ದೆ 1999ರಿಂದ ಇದೆ, ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. 16ನೇ ಸೆಕ್ಷನ್‌ನಲ್ಲಿ ಮೇಲ್ಮನವಿ ಹಾಕಬೇಕಿತ್ತು ಅನ್ನುತ್ತೀರಿ. ಹಾಕಬಹುದಿತ್ತು. ವಕೀಲರ ಫೀಸು ಆ ಆರ್ಡರಿನ ಲಾಭಕ್ಕಿಂತ ಜಾಸ್ತಿ ಆಗುತ್ತಿತ್ತು. ಅದಕ್ಕೇ ಮೇಲ್ಮನವಿಯಲ್ಲ, ಸುತ್ತೋಲೆ ಕೇಳುತ್ತಿದ್ದೇನೆ. ಪ್ರೊಸೆಸರ್ ಕುಲದ ಹೆಸರು ಬರೆಯಬೇಡಿ ಎಂಬ ಒಂದು ಸುತ್ತೋಲೆ.

ಇನ್ನೊಂದು ತಮಾಷೆ ಕೇಳಿ. 2024ರ ಆಗಸ್ಟ್‌ನಲ್ಲಿ ರಾಸ್ಪ್‌ಬೆರಿ ಪೈ ಕಂಪನಿಯವರು ಆರ್‌ಪಿ2350 ಎಂಬ ಮೈಕ್ರೋಕಂಟ್ರೋಲರ್ ತಂದರು. ಅದರಲ್ಲಿ ಎರಡು ಆರ್ಮ್ ಕೋರ್, ಎರಡು ರಿಸ್ಕ್-ಫೈವ್ ಕೋರ್ (ಕೋರ್ ಅಂದರೆ ಚಿಪ್ ಒಳಗೆ ಆದೇಶ ನಡೆಸುವ ಭಾಗ). ಬೂಟ್ ಆಗುವಾಗ ಯಾವುದು ಬೇಕೋ ಆರಿಸಿಕೊಳ್ಳಬಹುದು. ಅದನ್ನು ಹಾಕಿದರೆ ನಿಮ್ಮ ಇಲಾಖೆಗಳ ಲೆಕ್ಕದಲ್ಲಿ ನಾನು ಬೆಳಿಗ್ಗೆ ಅರ್ಹ, ಕರೆಂಟ್ ಹೋಗಿ ಬಂದ ಮೇಲೆ ಅನರ್ಹ.

ಅತ್ತ ದೆಹಲಿಯಲ್ಲಿ ಬೇರೆಯೇ ಹಾಡು. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮ ಘೋಷಿಸಿತು. ಮದ್ರಾಸ್ ಐಐಟಿಯವರು ಶಕ್ತಿ ಪ್ರೊಸೆಸರ್ ಮಾಡಿದ್ದಾರೆ, ತಿರುವನಂತಪುರದ ಸಿ-ಡ್ಯಾಕ್ ಎಂಬ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯವರು 'ವೇಗ' ಎಂಬ ಪ್ರೊಸೆಸರ್ ಮಾಡಿದ್ದಾರೆ. ಎರಡೂ ಸರ್ಕಾರದ್ದೇ ಹಣ, ಎರಡೂ ರಿಸ್ಕ್-ಫೈವ್. 2025ರ ಫೆಬ್ರವರಿಯಲ್ಲಿ ಐಐಟಿ ಮತ್ತು ಇಸ್ರೋ ಸೇರಿ ಬಾಹ್ಯಾಕಾಶ ಬಳಕೆಗೆ ಐರಿಸ್ ಎಂಬ ರಿಸ್ಕ್-ಫೈವ್ ಚಿಪ್ ತೋರಿಸಿದರು. ಚಂಡೀಗಢದ ಪಕ್ಕದ ಮೊಹಾಲಿಯಲ್ಲಿ ತಯಾರಾಗಿ, ಪ್ಯಾಕೇಜಿಂಗ್ ಆಗಿದ್ದು ನಮ್ಮ ಕರ್ನಾಟಕದಲ್ಲೇ. ಇಸ್ರೋಗೆ ಆಗುವ ಪ್ರೊಸೆಸರ್ ನಮ್ಮ ಪಂಚಾಯಿತಿಯ ನೀರಿನ ಟ್ಯಾಂಕಿಗೆ ಆಗುವುದಿಲ್ಲವಂತೆ. ಸೈಫೈವ್‌ನಂಥ ರಿಸ್ಕ್-ಫೈವ್ ಕಂಪನಿಗಳಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ, ನಮ್ಮ ಮಕ್ಕಳೇ ಅಲ್ಲಿ ಕೆಲಸ ಮಾಡುತ್ತಾರೆ. ಟೆಕ್ ಸಮ್ಮಿಟ್ ವೇದಿಕೆಯಲ್ಲಿ ಸ್ವದೇಶಿ ಚಿಪ್ ಎಂದಾಗ ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಟೆಂಡರ್ ಬರೆಯುವ ಕೋಣೆಗೆ ಆ ಸದ್ದು ಕೇಳಿಸಲ್ಲ, ಅಷ್ಟೇ.

'ರಿಸ್ಕ್-ಫೈವ್‌ಗೆ ಸಾಫ್ಟ್‌ವೇರ್ ಸಪೋರ್ಟ್ ಇಲ್ಲ ಅಲ್ವಾ?' ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ 2018ರಿಂದ ಇದೆ. 2025ರ ಆಗಸ್ಟ್‌ನಲ್ಲಿ ಬಂದ, ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ 13 ಇದನ್ನು ಅಧಿಕೃತವಾಗಿ ಸೇರಿಸಿಕೊಂಡಿದೆ. ನನ್ನಂಥವರಿಗೆ ಬೇಕಾದ ಜಿಸಿಸಿ ಕಂಪೈಲರ್, ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್‌ಗಳಾದ ಫ್ರೀಆರ್‌ಟಿಒಎಸ್, ಝೆಫಿರ್ ಎಲ್ಲ ಇವೆ, ಎಲ್ಲವೂ ಪುಕ್ಕಟೆ. ಎಲ್ಲಾ ಸರಿಯಾಗಿದೆ ಎಂದು ಸುಮ್ನೆ ಹೊಗಳುತ್ತಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಮಟ್ಟಕ್ಕೆ ಇನ್ನೂ ದೂರ ಇದೆ. ನಮ್ಮ ದೇಶದ ಚಿಪ್‌ಗಳು ಬೇಕಾದಾಗ, ಬೇಕಾದಷ್ಟು ಅಂಗಡಿಯಲ್ಲಿ ಸಿಗುವುದಿಲ್ಲ. ನಾನು ಬಳಸುವುದೂ ಹೊರಗಿನದೇ. ಆದರೆ ಕೊಳ್ಳುವವರನ್ನು ಟೆಂಡರಿನ ಬಾಗಿಲಲ್ಲೇ ತಡೆದರೆ ಇಲ್ಲಿನ ಚಿಪ್‌ಗಳನ್ನು ಯಾರಿಗೆಂದು ಮಾಡುತ್ತಾರೆ?

ರಿಸ್ಕ್-ಫೈವ್‌ಗೆ ಮೀಸಲಾತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಆರ್ಮ್ ಹಾಕುವವರು ಹಾಕಲಿ, ಬೆಲೆಯಲ್ಲಿ ನನ್ನನ್ನು ಸೋಲಿಸಲಿ. ಎಷ್ಟು ವೇಗ, ಎಷ್ಟು ಮೆಮೊರಿ, ಎಷ್ಟು ಬಿಸಿಲು ತಡೆಯಬೇಕು, ಎಷ್ಟು ವರ್ಷ ಗ್ಯಾರಂಟಿ, ಇವನ್ನು ಬರೆಯಿರಿ. ಬಂದ ಬಾಕ್ಸನ್ನು ಬಿಚ್ಚಿ ನೋಡಿ. ಕುಲದ ಹೆಸರು ತೆಗೆಯಿರಿ.

ಇಂಥ ಸುತ್ತೋಲೆ ಹಣಕಾಸು ಇಲಾಖೆಯಿಂದ ಬರಬೇಕು, ನಮ್ಮಿಂದಲ್ಲ ಎಂದು ಫೈಲ್ ಅತ್ತ ತಳ್ಳಬೇಡಿ, ದಯವಿಟ್ಟು. ನೀವೇ ಒಂದು ಟಿಪ್ಪಣಿ ಬರೆದು ಕಳಿಸಿ. ಕರಡು ಬೇಕಿದ್ದರೆ ನಾನೇ ಟೈಪ್ ಮಾಡಿ ಕೊಡುತ್ತೇನೆ, 'ನುಡಿ' ತಂತ್ರಾಂಶದಲ್ಲೋ ಯೂನಿಕೋಡ್‌ನಲ್ಲೋ ಹೇಳಿ.

ಅದೇ ಇಲಾಖೆಯ ಎರಡನೇ ಹಂತದ ಟೆಂಡರ್ ತಯಾರಾಗುತ್ತಿದೆಯಂತೆ. ಹಳೆಯ ಸ್ಪೆಸಿಫಿಕೇಶನ್ನನ್ನೇ ದಿನಾಂಕ ಬದಲಿಸಿ ಹಾಕುತ್ತಾರೆ ಎಂಬ ಸುದ್ದಿ ಇದೆ. ಅದು ಪೋರ್ಟಲ್‌ಗೆ ಏರುವ ಮೊದಲು ಸುತ್ತೋಲೆ ಹೊರಡಿಸಿ.

ಇಂತಿ,
ಟೆಕ್ನಿಕಲ್ ಬಿಡ್‌ನಲ್ಲಿ ಅನರ್ಹನಾದ ಒಬ್ಬ ಸಣ್ಣ ಉದ್ದಿಮೆದಾರ
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು